ಎಡಿಟಿಂಗ್ ರೂಮಿನ ಖಳನಾಯಕ ಯಾರು?
ನೆಗೆಯುವ ಚಿತ್ರ... ಜಾರುವ ಮಾತು... ತಪ್ಪು ಕಂಪ್ಯೂಟರಿನದೇ ಅಂತೀರಾ?

ಹೀರೋ ಬಾಯಿ ಮುಚ್ಚಿ ಅರ್ಧ ಸೆಕೆಂಡ್ ಆದಮೇಲೆ ಡೈಲಾಗ್ ಕೇಳುತ್ತೆ. ನಾಲ್ಕು ಹೆಜ್ಜೆ ಇಡಬೇಕಾದ ಹೀರೋಯಿನ್ ಎರಡೇ ಹೆಜ್ಜೆಗೆ ಬಾಗಿಲು ದಾಟಿ ಮಾಯವಾಗಿಬಿಡ್ತಾಳೆ! ಹೊಸ ಅಲೆಯ ನಿರ್ದೇಶನ ಅಂದುಕೊಂಡಿರಾ? ಅಲ್ಲ ಸ್ವಾಮಿ, ಹಳೇ ವಿಡಿಯೋ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಕಡೆಯೆಲ್ಲ ನಡೆಯುವ ನಿತ್ಯದ ಕಥೆ ಇದು.

ಹೀಗಾದಾಗ ಎಲ್ಲರೂ ಬೆರಳು ತೋರಿಸುವುದು ಕಂಪ್ಯೂಟರಿನ ಕಡೆಗೆ. ಸಾಲ ಮಾಡಿ ಹೊಸದು ತರುತ್ತಾರೆ. ಒಂದೆರಡು ದಿನ ಸಂಭ್ರಮ. ಆಮೇಲೆ ನೋಡಿದರೆ ಅದೇ ನೆಗೆತ, ಅದೇ ಜಾರಾಟ! ಮನೆ ಬದಲಾಯಿಸಿದರೂ ದೆವ್ವ ಗಾಡಿ ಹತ್ತಿ ಜೊತೆಗೇ ಬಂದ ಹಾಗೆ. ಏಕೆಂದರೆ ಈ ಕಥೆಯಲ್ಲಿ ಅನುಮಾನಿಸಬೇಕಾದವರು ಐದು ಮಂದಿ: ಟೇಪು, ಅದನ್ನು ಓಡಿಸುವ ಪ್ಲೇಯರು, ನಡುವಿನ ವೈರು, ಡಿಸ್ಕು, ಕೊನೆಗೆ ಸಾಫ್ಟ್‌ವೇರು. ಒಬ್ಬೊಬ್ಬರನ್ನೇ ವಿಚಾರಿಸದೆ ಶಿಕ್ಷೆ ಕೊಟ್ಟರೆ ದುಡ್ಡು ದಂಡ.

ಮೊದಲ ಸಾಕ್ಷಿ ಟಿ.ವಿ.!

ಪ್ಲೇಯರನ್ನು ನೇರವಾಗಿ ಒಂದು ಟಿ.ವಿ.ಗೆ ಜೋಡಿಸಿ, ತೊಂದರೆ ಕಂಡ ಜಾಗವನ್ನು ಓಡಿಸಿ ನೋಡಿ. ಅಲ್ಲೂ ಗೆರೆ, ಚೌಕಳಿ ಬಂದರೆ ಕಂಪ್ಯೂಟರ್ ನಿರಪರಾಧಿ. ಟೇಪು ಸವೆದಿರಬೇಕು, ಇಲ್ಲವೇ ಪ್ಲೇಯರಿನ ಹೆಡ್ ಕೊಳೆಯಾಗಿರಬೇಕು. ಬೇರೊಂದು ಒಳ್ಳೇ ಟೇಪ್ ಹಾಕಿದರೆ ಎರಡರಲ್ಲಿ ಯಾವುದು ಅಂತ ಗೊತ್ತಾಗಿಬಿಡುತ್ತೆ.

ಎರಡನೇ ಪರೀಕ್ಷೆ ಇನ್ನೂ ಸೊಗಸು. ಅದೇ ಎರಡು ನಿಮಿಷದ ತುಂಡನ್ನು ಎರಡು ಸಲ ಇಳಿಸಿ. ಎರಡು ಸಲವೂ ಅದೇ ಜಾಗದಲ್ಲಿ ಚಿತ್ರ ನೆಗೆದರೆ ಟೇಪಿನ ಮೇಲೆ ಅನುಮಾನ. ಜಾಗ ಬದಲಾದರೆ ಡಿಸ್ಕು, ವೈರು, ಕಂಪ್ಯೂಟರುಗಳನ್ನು ಕಟಕಟೆಗೆ ಹತ್ತಿಸಿ.

ಆದರೆ ಒಂದು ತಿರುವು ಇದೆ. ವಿ.ಎಚ್.ಎಸ್. ಟೇಪಿನ ಸಿಗ್ನಲ್ ಕುಡಿದವನ ನಡಿಗೆಯಂತೆ, ಗೆರೆಗಳು ಸರಿಯಾದ ಕಾಲಕ್ಕೆ ಬರುವುದಿಲ್ಲ. ಹಳೇ ಟಿ.ವಿ. ಅದನ್ನು ಸಹಿಸಿಕೊಂಡು ತೋರಿಸುತ್ತೆ. ಕ್ಯಾಪ್ಚರ್ ಕಾರ್ಡಿಗೆ ಆ ತಾಳ್ಮೆ ಇಲ್ಲ, ಚಿತ್ರಗಳನ್ನು ಕೈಬಿಡುತ್ತೆ. ಟಿ.ವಿ.ಯಲ್ಲಿ ಚೆನ್ನಾಗಿದೆ, ಕಂಪ್ಯೂಟರಿನಲ್ಲಿ ಮೇಲ್ಭಾಗ ಸೊಟ್ಟಗೆ ಬಾಗುತ್ತಿದೆ ಅಂದರೆ ಇದೇ ಕಾರಣ ಇರಬಹುದು. ಇದಕ್ಕೆ ಮದ್ದು ಟೈಮ್ ಬೇಸ್ ಕರೆಕ್ಟರ್ ಅನ್ನುವ ಉಪಕರಣ. ಪ್ಲೇಯರಿಗೂ ಕಾರ್ಡಿಗೂ ನಡುವೆ ನಿಂತು ಸಿಗ್ನಲ್ಲಿನ ತಾಳ ಸರಿಮಾಡುವುದು ಅದರ ಕೆಲಸ. ಕೆಲವು ಒಳ್ಳೇ ಪ್ಲೇಯರುಗಳಲ್ಲಿ ಒಳಗೇ ಇರುತ್ತೆ.

ಡಿಸ್ಕಿನ ಲೆಕ್ಕ

ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಮಿನಿ ಡಿ.ವಿ. ಟೇಪಾದರೆ ಸೆಕೆಂಡಿಗೆ ಸುಮಾರು 3.6 ಮೆಗಾಬೈಟ್, ಗಂಟೆಗೆ ಸುಮಾರು 13 ಗಿಗಾಬೈಟ್. ಇಂದಿನ ಡಿಸ್ಕಿಗೆ ಇದು ಅವಲಕ್ಕಿ ತಿಂದಷ್ಟು ಸಲೀಸು. ಹಾಗಾದರೆ ಚಿತ್ರ ಬಿಟ್ಟುಹೋಗುವುದು ಯಾಕೆ? ಡಿಸ್ಕು ಭರ್ತಿಯಾಗಿರುತ್ತೆ, ಇಲ್ಲವೇ ಅದೇ ಹೊತ್ತಿಗೆ ವೈರಸ್ ತಪಾಸಣೆ ನಡೆಯುತ್ತಿರುತ್ತೆ, ಇಲ್ಲವೇ ಒಂದೇ ಯು.ಎಸ್.ಬಿ. ಹಬ್ಬಿಗೆ ನಾಲ್ಕು ಸಾಮಾನು ನೇತುಹಾಕಿರುತ್ತಾರೆ. ಕೆಲವು ಸಲ ಕರೆಂಟ್ ಉಳಿಸಲು ಡಿಸ್ಕು ನಿದ್ದೆಗೇ ಜಾರಿರುತ್ತೆ!

ಇಳಿಸುವ ಕೆಲಸ ಇಪ್ಪತ್ತು ನಿಮಿಷ ಆಗುವ ಮೊದಲೇ ನಿಂತುಹೋಗುತ್ತಾ? ಡಿಸ್ಕನ್ನು ಫ್ಯಾಟ್ 32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿದ್ದಾರಾ ನೋಡಿ. ಅದರಲ್ಲಿ ಒಂದು ಫೈಲು 4 ಗಿಗಾಬೈಟ್ ದಾಟುವಂತಿಲ್ಲ. ಎನ್.ಟಿ.ಎಫ್.ಎಸ್. ಅಥವಾ ಎಕ್ಸ್‌ಫ್ಯಾಟ್ ಮಾಡಿದರೆ ಆ ಕಾಟ ತಪ್ಪುತ್ತೆ. ಹುಷಾರು, ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತೆ. ಮೊದಲು ಬೇರೆ ಕಡೆ ನಕಲು ಇಟ್ಟುಕೊಳ್ಳಿ.

ತುಟಿ ಒಂದು ಕಡೆ, ಮಾತು ಒಂದು ಕಡೆ

ಮಾತು ಹಿಂದೆ ಬಿದ್ದರೆ ಫೈಲಿನ ಆರಂಭ, ಮಧ್ಯ, ಕೊನೆ ಮೂರನ್ನೂ ನೋಡಿ. ಮೂರೂ ಕಡೆ ಅಷ್ಟೇ ಅಂತರವೇ? ಹಾಗಿದ್ದರೆ ಧ್ವನಿಯನ್ನು ಒಂದು ಸಲ ಸರಿಸಿದರೆ ಮುಗಿಯಿತು. ಒಂದೊಂದು ನೆಗೆತಕ್ಕೂ ಅಂತರ ಬೆಳೆದರೆ ಚಿತ್ರಗಳು ಬಿಟ್ಟುಹೋಗಿವೆ, ಧ್ವನಿ ಮಾತ್ರ ಪೂರ್ತಿ ಬಂದಿದೆ ಅಂತ ಅರ್ಥ. ನೆಗೆತವೇ ಇಲ್ಲದೆ ನಿಧಾನವಾಗಿ ಬೆಳೆದರೆ ಧ್ವನಿಯ ಸೆಟ್ಟಿಂಗ್ ನೋಡಿ. ಮಿನಿ ಡಿ.ವಿ.ಯಲ್ಲಿ 32 ಕಿಲೋಹರ್ಟ್ಸ್, 48 ಕಿಲೋಹರ್ಟ್ಸ್ ಎರಡೂ ಉಂಟು. ಟೇಪಿನಲ್ಲಿ ಒಂದು, ಪ್ರಾಜೆಕ್ಟಿನಲ್ಲಿ ಇನ್ನೊಂದು ಇದ್ದರೆ ಎಡವಟ್ಟು ಆಗಬಹುದು.

ಚೆನ್ನಾಗಿ ಇಳಿಯಿತು, ಓಡುವಾಗ ಮುಗ್ಗರಿಸುತ್ತೆ!

ಇದು ಬೇರೆ ಅಧ್ಯಾಯ. ಮೊಬೈಲಿನಲ್ಲಿ ಮಾಮೂಲಾಗಿ ಬಳಸುವ ಎಚ್.264 ಪದ್ಧತಿಯಲ್ಲಿ ಪೂರ್ತಿ ಚಿತ್ರ ಇರುವುದು ಅಲ್ಲೊಂದು ಇಲ್ಲೊಂದು. ನಡುವಿನವೆಲ್ಲ "ಹೋದ ಚಿತ್ರಕ್ಕಿಂತ ಏನು ಬದಲಾಯಿತು" ಅನ್ನುವ ಚೀಟಿಗಳಷ್ಟೇ. ಎಡಿಟರ್ ಒಂದು ಹೆಜ್ಜೆ ಹಿಂದೆ ಹೋದರೂ ಕಂಪ್ಯೂಟರ್ ಹಳೇ ಪೂರ್ತಿ ಚಿತ್ರದಿಂದ ಲೆಕ್ಕ ಶುರುಮಾಡಬೇಕು.

ಪರೀಕ್ಷೆ ಸುಲಭ. ಪ್ಲೇಬ್ಯಾಕ್ ಗುಣಮಟ್ಟವನ್ನು ಅರ್ಧಕ್ಕೆ ಇಳಿಸಿ. ಸರಾಗವಾಗಿ ಓಡಿದರೆ ಕಂಪ್ಯೂಟರಿಗೆ ಹೊರೆ ಜಾಸ್ತಿಯಾಗಿದೆ. 2007ರಲ್ಲಿ ಬಂದ ಪ್ರೊರೆಸ್‌ನಂಥ ಪದ್ಧತಿಗೆ ಬದಲಾಯಿಸಿಕೊಳ್ಳಿ, ಇಲ್ಲವೇ ಪ್ರಾಕ್ಸಿ ಅನ್ನುವ ಹಗುರ ನಕಲು ಮಾಡಿಕೊಂಡು ಕತ್ತರಿ ಹಾಕಿ. ಅರ್ಧಕ್ಕೆ ಇಳಿಸಿದರೂ ಮುಗ್ಗರಿಸಿದರೆ ಫೈಲನ್ನು ಒಳಗಿನ ಡಿಸ್ಕಿಗೆ ಹಾಕಿ ನೋಡಿ. ಆಗ ಓಡಿದರೆ ಹೊರಗಿನ ಡಿಸ್ಕು ಇಲ್ಲವೇ ಅದರ ವೈರು ಕಳ್ಳ! ಮೊಬೈಲ್ ಚಿತ್ರೀಕರಣದಲ್ಲಿ ಸೆಕೆಂಡಿಗೆ ಇಷ್ಟೇ ಚಿತ್ರ ಅನ್ನುವ ನಿಯಮ ಅನೇಕ ಸಲ ಇರುವುದಿಲ್ಲ. ಅದನ್ನು ಮೊದಲೇ ಒಂದು ಲೆಕ್ಕಕ್ಕೆ ತನ್ನಿ.

ಇನ್ನು ಟೇಪಿನ ಚಿತ್ರದಲ್ಲಿ ಓಡುವವರ ಅಂಚಿಗೆ ಬಾಚಣಿಗೆ ಹಲ್ಲು ಕಂಡರೆ ಗಾಬರಿ ಬೇಡ. ಪಾಲ್ ವಿಡಿಯೋದಲ್ಲಿ ಪ್ರತಿ ಚಿತ್ರವೂ ಎರಡು ಅರ್ಧ, ಸೆಕೆಂಡಿಗೆ 50. ಕಂಪ್ಯೂಟರ್ ಪರದೆ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಹಾಗೆ ಕಾಣುತ್ತೆ. ಅದು ರೋಗವಲ್ಲ!

ಇಷ್ಟು ಆತುರ ಯಾಕೆ?

ಮಳೆಗಾಲ ಕಂಡ ಮಲೆನಾಡಿನ, ಕರಾವಳಿಯ ಮನೆಗಳಲ್ಲಿ ಕ್ಯಾಸೆಟ್ ಬಿಚ್ಚಿದರೆ ಸುರುಳಿಯ ಮೇಲೆ ಬಿಳಿ ಬೂಷ್ಟು ಕೂತಿರುವುದುಂಟು. ಅದನ್ನು ಹಾಗೆಯೇ ಪ್ಲೇಯರಿಗೆ ತೂರಿಸಬೇಡಿ. ಆ ಟೇಪಿಗೂ ಪೆಟ್ಟು, ಆಮೇಲೆ ಹಾಕುವ ಟೇಪಿಗೂ ಅಂಟು. ಮೊದಲು ತಿಳಿದವರ ಹತ್ತಿರ ಶುಚಿ ಮಾಡಿಸಿ. ಸವೆದ ಟೇಪನ್ನು ಪದೇ ಪದೇ ಓಡಿಸುವಂತೆಯೂ ಇಲ್ಲ. ಆದ್ದರಿಂದ ಎಲ್ಲ ಪರೀಕ್ಷೆಯನ್ನೂ ಬೇಡವಾದ ಟೇಪಿನಲ್ಲಿ ಮುಗಿಸಿ, ಎಲ್ಲ ಸರಿಯಾದ ಮೇಲೆ ಬೇಕಾದ ಟೇಪ್ ಹಾಕಿ. ಮದುವೆ ಮನೆಯಲ್ಲಿ ನಕ್ಕ ಅಜ್ಜಿ ಎರಡನೇ ಟೇಕ್ ಕೊಡಲು ಬರುವುದಿಲ್ಲ.

ಪ್ಲೇಯರುಗಳೂ ಕಣ್ಮರೆಯಾಗುತ್ತಿವೆ. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು. ಈಗ ಸಿಗುವುದೆಲ್ಲ ರಿಪೇರಿ ಮಾಲು. 2019ರಲ್ಲಿ ಯುನೆಸ್ಕೋ, ಪ್ರಪಂಚದ ಟೇಪ್ ಸಂಗ್ರಹಗಳ ಬಗ್ಗೆ ಎಚ್ಚರಿಕೆ ಗಂಟೆ ಬಾರಿಸಿ, 2025ರ ಸುಮಾರಿಗೆ ಓಡಿಸುವ ಯಂತ್ರಗಳೇ ಸಿಗುವುದು ಕಷ್ಟವಾಗುತ್ತೆ ಅಂದಿತ್ತು. ಆ ವರ್ಷವೂ ಬಂದು ಹೋಯಿತು.

1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರಿಂಟು ಇಂದು ನಮ್ಮ ಕೈಯಲ್ಲಿಲ್ಲ. ಕನ್ನಡ ಮೊದಲು ಮಾತಾಡಿದ್ದನ್ನು ನಾವು ನೋಡುವಂತಿಲ್ಲ! ಹಳೇ ಚಿತ್ರಸಮಾರಂಭಗಳು, ನಾಟಕಗಳು, ಸಂದರ್ಶನಗಳು ಇನ್ನೂ ಎಷ್ಟೋ ಮನೆಗಳ ಅಟ್ಟದಲ್ಲಿ ಕ್ಯಾಸೆಟ್ಟಾಗಿ ಕೂತಿವೆ. ಅಟ್ಟ ಹತ್ತಿ ಓದುಗರೇ, ಪೆಟ್ಟಿಗೆ ಇಳಿಸಿ. ಬೂಷ್ಟು ಇದೆಯಾ ಅಂತ ಮೊದಲು ನೋಡಿ!