ಅಂಗೈಯೇ ಗರ್ಭಗುಡಿ: ಇಷ್ಟಲಿಂಗ ಪೂಜೆಯ ಆಸನ ಮತ್ತು ಹಸ್ತ

ಲಿಂಗಾಯತರು ಮೈಮೇಲೆ ಧರಿಸುವ ಇಷ್ಟಲಿಂಗದ ಪೂಜೆಯ ನಡುವೆ ಎರಡು ಕೈಗಳು ಕೂಡುವುದಿಲ್ಲ. ಎಡಗೈ ಲಿಂಗವನ್ನು ಹೊತ್ತಿರುತ್ತದೆ, ಬಲಗೈ ಅದರ ಸೇವೆಯಲ್ಲಿ ತೊಡಗಿರುತ್ತದೆ. ಗುಡಿಯಲ್ಲಿ ಕೈಮುಗಿದು ರೂಢಿಯಾದವರಿಗೆ ಇದು ತುಸು ವಿಚಿತ್ರವಾಗಿ ಕಂಡೀತು. ಬಸವಣ್ಣನ ಹೆಸರನ್ನೇ ಹೊತ್ತ ಬೆಂಗಳೂರಿನ ಬಸವೇಶ್ವರನಗರದಲ್ಲಿ ಒಂದೇ ಬೆಳಗ್ಗೆ ಎರಡೂ ಬಗೆ ಕಾಣಸಿಗುತ್ತವೆ. ಗಣಪತಿ ಗುಡಿಯ ಮುಂದೆ ಕೈಗಳನ್ನು ಅಡ್ಡ ಹಾಕಿ ಕಿವಿ ಹಿಡಿದು ಬಸ್ಕಿ ಹೊಡೆಯುವವರು ಒಂದು ಕಡೆ. ಲಿಂಗಾಯತ ಮನೆಗಳೊಳಗೆ ಮಣೆಯ ಮೇಲೆ ಅಲುಗಾಡದೆ ಕೂತವರು ಇನ್ನೊಂದು ಕಡೆ.

ಪೂಜೆಗೆ ಮೊದಲು ಸ್ನಾನ. ಆಮೇಲೆ ಬಲಗೈಯ ನಡುವಿನ ಮೂರು ಬೆರಳುಗಳಿಂದ ಹಣೆಗೆ ವಿಭೂತಿ ಎಳೆಯಲಾಗುತ್ತದೆ. ಪದ್ಮಾಸನ ಬಂದವರಿಗೆ ಪದ್ಮಾಸನ, ಇಲ್ಲದವರಿಗೆ ಚಕ್ಕಳಮಕ್ಕಳ. ಬೆನ್ನು ನೆಟ್ಟಗಿರಬೇಕು ಎಂಬುದೊಂದೇ ಕಟ್ಟುನಿಟ್ಟು. ಶಿವದಾರದಲ್ಲಿ ಎದೆಯ ಮೇಲಿರುವ ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಎಡ ಅಂಗೈಯ ಕುಳಿಯಲ್ಲಿ ಇರಿಸುತ್ತಾರೆ. ಬೆರಳುಗಳು ಸಡಿಲವಾಗಿ ಕೂಡಿಕೊಂಡಿರುತ್ತವೆ, ಬಿಗಿಯುವುದಿಲ್ಲ. ಮುಂಗೈ ನಡುಗದಂತೆ ಮೊಣಕೈಯನ್ನು ಪಕ್ಕೆಗೆ ಒತ್ತಿಕೊಳ್ಳುವುದು ರೂಢಿಯಿಂದ ಬರುವ ಜಾಣತನ.

ಇನ್ನು ಬಲಗೈ. ನೀರೆರೆಯುವುದು, ವಿಭೂತಿ ಧರಿಸುವುದು, ಬಿಲ್ವಪತ್ರೆ, ಹೂವು ಏರಿಸುವುದು, ಕರ್ಪೂರದಾರತಿ ಬೆಳಗುವುದು ಎಲ್ಲವೂ ಅದರದೇ ಕೆಲಸ. ಎಡಗೈಯನ್ನೇ ಪೀಠವಾಗಿಸಿದ್ದು ಗಮನಿಸಬೇಕಾದ ಸಂಗತಿ. ಬೇರೆಡೆ ಎಡಗೈಯಲ್ಲಿ ತೀರ್ಥ ತೆಗೆದುಕೊಂಡರೆ, ಯಾರಿಗಾದರೂ ಏನಾದರೂ ಕೊಟ್ಟರೆ ಹಿರಿಯರು ಗದರುತ್ತಾರೆ. ಹಾಗೆ ಕಡೆಗಣಿಸಿದ ಕೈಗೆ ಇಲ್ಲಿ ದೇವರನ್ನೇ ಹೊರುವ ಪದವಿ. ಬಲಗೈ ಕೆಲಸಕ್ಕೆ ಬಿಡುವಾಗಿರಲೆಂಬ ಅನುಕೂಲವೂ ಇದರ ಹಿಂದೆ ಇದ್ದೀತು. ಆದರೆ ಬರೀ ಅನುಕೂಲವೆಂದು ಹೇಳಿ ಮುಗಿಸುವಷ್ಟು ಸಣ್ಣ ಮಾತಲ್ಲ. ದೀಕ್ಷೆಯ ಹೊತ್ತಿನಲ್ಲಿ ಗುರು ಶಿಷ್ಯನ ತಲೆಯ ಮೇಲೆ ಕೈಯಿಟ್ಟು, ಅಂಗೈಗೆ ಲಿಂಗ ಕೊಡುತ್ತಾನೆ. ಆ ಅಂಗೈಗೆ ಕರಸ್ಥಲ ಎಂಬ ಹೆಸರು. ಅಲ್ಲಿಂದಾಚೆ ಪೂಜಾರಿಯ ಹಂಗಿಲ್ಲ, ಗರ್ಭಗುಡಿಯ ಹೊಸ್ತಿಲೂ ಇಲ್ಲ.

ಸೇವೆ ಮುಗಿದ ಮೇಲೆ ಅಂಗೈ ಮೇಲೇರಿ ಕಣ್ಣಿನ ನೇರಕ್ಕೆ ಬರುತ್ತದೆ. ಪೂಜೆಯ ತಿರುಳು ಇರುವುದು ಇಲ್ಲೇ. ಲಿಂಗದ ಮೇಲಿನ ಕಪ್ಪು ಲೇಪ ನುಣುಪಾಗಿ ಹೊಳೆಯುವುದರಿಂದ ದೀಪದ ಬೆಳಕು ಅದರಲ್ಲಿ ಒಂದು ಚುಕ್ಕೆಯಾಗಿ ಮೂಡುತ್ತದೆ. ರೆಪ್ಪೆ ಬಡಿಯದ ನೋಟವನ್ನು ಆ ಚುಕ್ಕೆಯಲ್ಲಿ ನೆಡುವುದೇ ಸಾಧನೆ. ಯೋಗದವರು ಇದನ್ನು ತ್ರಾಟಕವೆನ್ನುತ್ತಾರೆ. ನಾಲಿಗೆಯಲ್ಲಿ ‘ಓಂ ನಮಃ ಶಿವಾಯ’ ಎಂಬ ಷಡಕ್ಷರಿ. ಬಲಗೈಯ ಹೆಬ್ಬೆರಳು ಉಳಿದ ಬೆರಳುಗಳ ಗಿಣ್ಣುಗಳ ಮೇಲೆ ಎಣಿಕೆ ಹಿಡಿಯುತ್ತದೆ, ಇಲ್ಲವೇ ರುದ್ರಾಕ್ಷಿ ಮಾಲೆಯ ಮಣಿ ಸರಿಸುತ್ತದೆ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ (1907–2019) ನೂರು ದಾಟಿದ ಮೇಲೂ ಈ ನಿತ್ಯಪೂಜೆಯನ್ನು ಬಿಟ್ಟವರಲ್ಲ.

ಭಂಗಿಯಲ್ಲಿ ಗಂಡು-ಹೆಣ್ಣೆಂಬ ವ್ಯತ್ಯಾಸವಿಲ್ಲ. ಗುಡಿಯಲ್ಲಿ ಗಂಡಸರಿಗೆ ಸಾಷ್ಟಾಂಗ, ಹೆಂಗಸರಿಗೆ ಪಂಚಾಂಗ ಎಂದು ನಮಸ್ಕಾರವೇ ಬೇರೆಯಾಗುವುದುಂಟು. ಲಿಂಗಾಯತ ಧರ್ಮ ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ತಳ್ಳಿಹಾಕಿತು. ಹಾಗಾಗಿ ತಿಂಗಳ ಮೂರು ದಿನ ಕೈಯಿಂದ ಲಿಂಗ ಇಳಿಸಬೇಕೆಂಬ ವಿಧಿಯಿಲ್ಲ. ಆಚರಣೆಯಲ್ಲಿ ಎಲ್ಲ ಮನೆಗಳೂ ಹಾಗೆಯೇ ನಡೆದುಕೊಳ್ಳುತ್ತವೆ ಎನ್ನಲಾಗದು. ಅಕ್ಕಮಹಾದೇವಿಯ ಚಿತ್ರಗಳಲ್ಲಿ ಎಡ ಅಂಗೈಯ ಲಿಂಗ ಗುರುತಿನ ಚಿಹ್ನೆಯೇ ಆಗಿಬಿಟ್ಟಿದೆ.

ಕರ್ನಾಟಕದ ಬೇರೆ ಭಕ್ತಿಭಂಗಿಗಳ ಪಕ್ಕ ಇಟ್ಟು ನೋಡಿದರೆ ಇದರ ಸ್ವಭಾವ ಇನ್ನಷ್ಟು ಸ್ಪಷ್ಟವಾಗುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಉದ್ದಕ್ಕೆ ಮಲಗಿ ಎದ್ದು ಸಾಗುವ ದೀಡ ನಮಸ್ಕಾರದಲ್ಲಿ ಮೈಯೇ ಹಾದಿ ಅಳೆಯುತ್ತದೆ. ನಮಾಜಿನಲ್ಲಿ ನಿಲ್ಲುವುದು, ಬಾಗುವುದು, ಹಣೆ ನೆಲಕ್ಕೂರುವುದು ಒಂದಾದ ಮೇಲೊಂದು ಬರುತ್ತವೆ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟ ನಿಂತಿರುವುದು ಕಾಯೋತ್ಸರ್ಗವೆಂಬ ಧ್ಯಾನಭಂಗಿಯಲ್ಲಿ. ಅಲ್ಲಿ ಎರಡು ಕೈಗಳೂ ಏನನ್ನೂ ಹಿಡಿಯದೆ ಇಳಿಬಿದ್ದಿವೆ. ಇಷ್ಟಲಿಂಗದವನು ಬಾಗುವುದೂ ಇಲ್ಲ, ಕೈ ಬಿಡುವುದೂ ಇಲ್ಲ. ತಲೆಬಾಗಿ ಕೈಮುಗಿಯುವುದನ್ನು ಎದುರಿಗೆ ಬಂದ ಶರಣನಿಗೆ ‘ಶರಣು ಶರಣಾರ್ಥಿ’ ಎನ್ನುವಾಗ ಮಾಡುತ್ತಾನೆ.

ಸತ್ತ ಮೇಲೂ ಇದೇ ಭಂಗಿ. ಲಿಂಗಾಯತರಲ್ಲಿ ಶವವನ್ನು ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿರಿಸಿ ಸಮಾಧಿ ಮಾಡುವುದು ಸಂಪ್ರದಾಯ. ಬದುಕಿರುವಾಗ ಮಾತ್ರ ಇದರಲ್ಲಿ ಸಡಿಲಿಕೆಗೆ ಎಡೆಯಿದೆ: ಮಂಡಿನೋವಿನವರು ಕುರ್ಚಿಯಲ್ಲಿ ಕೂರುತ್ತಾರೆ, ತೋಳು ಸೋತವರು ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಮೊಣಕೈ ಊರುತ್ತಾರೆ.