ಪಾತ್ರೆಯೂ ಪದಾರ್ಥವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ನನ್ನನ್ನು ಕಂಡಾಗ, “ಟೀಚರಮ್ಮಾ, ನೀವು ಕಲಿಸಿದ ರಸಾಯನಶಾಸ್ತ್ರವೆಲ್ಲಾ ಅಡಿಗೆಯ ಮನೆಯಲ್ಲಿ ಏತಕ್ಕೆ ಬಂತು?” ಎಂದು ನಗುತ್ತಾ ಕೇಳುವುದುಂಟು. ಅವರಿಗೂ, ಹೆಣ್ಣುಮಕ್ಕಳನ್ನು ನಮ್ಮಲ್ಲಿಗೆ ಕಳುಹಿಸಿರುವ ತಾಯಿತಂದೆಗಳಿಗೂ ಈ ಕೆಲವು ಮಾತುಗಳನ್ನು ಉತ್ತರವಾಗಿ ಬರೆಯುತ್ತೇನೆ.

ಮಾಸಿದ ಹಿತ್ತಾಳೆಯ ತಂಬಿಗೆಯನ್ನು ಹುಣಿಸೇಹಣ್ಣಿನಿಂದ ತಿಕ್ಕಿದರೆ ಹೊಳೆಯುವುದೆಂಬುದನ್ನು ಅರಿಯದ ಗೃಹಿಣಿಯಿಲ್ಲ. ಅದು ಹೇಗೆ? ಹಿತ್ತಾಳೆಯು ತಾಮ್ರ ಮತ್ತು ಸತುವುಗಳ ಮಿಶ್ರಲೋಹ. ಅದರಲ್ಲಿನ ತಾಮ್ರವು ಗಾಳಿಯ ಆಮ್ಲಜನಕದೊಡನೆ ಕೂಡಿ ಮೇಲೆ ಮಾಸಲು ಪದರವಾಗುತ್ತದೆ. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಆ ಪದರವನ್ನು ಕರಗಿಸಿಬಿಡುತ್ತದೆ. ತೊಳೆದ ನೀರಿನೊಡನೆ ತಾಮ್ರವೂ ಹರಿದುಹೋಗುತ್ತದೆ. ಪಾತ್ರೆಯ ಹೊರಗೆ ನಡೆಯುವ ಈ ಕೆಲಸವೇ ಒಳಗೆ ಹುಳಿಯನ್ನೋ ಮಜ್ಜಿಗೆಯನ್ನೋ ಇಟ್ಟಾಗಲೂ ನಡೆಯುವುದು. ಆದರೆ ಅಲ್ಲಿ ಕರಗಿದ ತಾಮ್ರವು ಸೇರುವುದು ನಮ್ಮ ಹೊಟ್ಟೆಗೆ.

ಇದನ್ನು ನಾನು ಪುಸ್ತಕದಿಂದ ಕಲಿತು, ಮಕ್ಕಳಿಗೆ ಹೇಳಿಯೂ ಇದ್ದೆನು. ಆದರೂ ಉಪಾಧ್ಯಾಯಿನಿಯಾದ ಹೊಸದರಲ್ಲಿ, ಒಂದು ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ನನ್ನದಾಗಿದ್ದಾಗ, “ಅಮ್ಮಾ, ದೊಡ್ಡ ಕೊಳದಪ್ಪಲೆಯ ಕಲಾಯಿ ಹೋಗಿದೆ” ಎಂದು ಅಡಿಗೆಯಾಕೆ ಎರಡು ಸಲ ಹೇಳಿದರೂ ತಿಂಗಳ ಕೊನೆಗೆ ನೋಡೋಣವೆಂದು ಸುಮ್ಮನಿದ್ದೆನು. ರಾತ್ರಿ ಉಳಿದ ಹುಳಿಯು ಅದರಲ್ಲಿಯೇ ಬೆಳಗಿನವರೆಗೆ ಇದ್ದಿತು. ಅದನ್ನು ಉಂಡ ಹುಡುಗಿಯರು ಸ್ವಲ್ಪ ಹೊತ್ತಿನಲ್ಲಿಯೇ ವಾಂತಿಮಾಡಿಕೊಂಡರು. ಬಂದ ವೈದ್ಯರು ಪಾತ್ರೆಯನ್ನು ತರಿಸಿ, ಅದರ ಒಳಮೈಯ ಹಸುರು ಕಿಲುಬನ್ನು ನನಗೆ ತೋರಿಸಿದರು. ಸಂಜೆಯ ಹೊತ್ತಿಗೆ ಮಕ್ಕಳೆಲ್ಲರೂ ಚೇತರಿಸಿಕೊಂಡರು. ಅಂದಿನ ನನ್ನ ನಾಚಿಕೆಯು ಇನ್ನೂ ಮಾಸಿಲ್ಲ.

ಕಲಾಯಿಯೆಂದರೆ ತವರದ ತೆಳುವಾದ ಲೇಪ. ಕಲಾಯಿ ಹಾಕುವವನು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿಯನ್ನು ಎರಚಿ, ಬಿಳಿಯ ಹೊಗೆ ಏಳುತ್ತಿರುವಾಗ ತವರವನ್ನು ತಗುಲಿಸಿ ಅರಳೆಯಿಂದ ಒರಸುತ್ತಾನೆ. ನವಸಾಗರವು ಲೋಹದ ಮೇಲಣ ಮಾಸಲನ್ನು ತೆಗೆಯುತ್ತದೆ. ಆಮೇಲೆಯೇ ತವರವು ಹಿಡಿಯುತ್ತದೆ. ಅಡಿಗೆಯ ಹುಳಿಗೆ ತವರವು ತಾಮ್ರದಷ್ಟು ಸುಲಭವಾಗಿ ಸೋಲುವುದಿಲ್ಲ. ಆದರೆ ಅದು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗತಕ್ಕದ್ದು. ನೀರಿರುವ ಪಾತ್ರೆಯ ಒಳಮೈಯು 100 ಡಿಗ್ರಿಯನ್ನು ಬಹಳವಾಗಿ ಮೀರುವುದಿಲ್ಲ. ಬರಿಯ ಪಾತ್ರೆಯನ್ನು ಉರಿಯ ಮೇಲಿಟ್ಟು ಮರೆತರೆ ಕಲಾಯಿಯು ಹಾಳಾಗುವುದು.

ಈಗ ಬಹುಮನೆಗಳಲ್ಲಿ ಹಿತ್ತಾಳೆಯ ಸ್ಥಾನಕ್ಕೆ ಸ್ಟೀಲ್ ಪಾತ್ರೆಗಳು ಬಂದಿವೆ. ಆ ಉಕ್ಕಿನಲ್ಲಿ ಕಲೆತಿರುವ ಕ್ರೋಮಿಯಂ ಗಾಳಿಯೊಡನೆ ಕೂಡಿ, ಕಣ್ಣಿಗೆ ಕಾಣದ ಗಟ್ಟಿಯಾದ ಪದರವಾಗಿ ಪಾತ್ರೆಯನ್ನು ಕಾಯುತ್ತದೆ. ಕಲಾಯಿಯ ಚಿಂತೆ ಇದಕ್ಕಿಲ್ಲ.

ಸ್ಟೀಲಿನ ಪಕ್ಕದಲ್ಲಿಯೇ ಪ್ಲಾಸ್ಟಿಕ್ಕೂ ಬಂದು ಕುಳಿತಿದೆ. 1933ರಲ್ಲಿ ಇಂಗ್ಲೆಂಡಿನಲ್ಲಿ ಇಬ್ಬರು ರಸಾಯನಜ್ಞರು ಎಥಿಲೀನ್ ಎಂಬ ಅನಿಲವನ್ನು ಅತಿಯಾದ ಒತ್ತಡಕ್ಕೆ ಒಳಪಡಿಸಿದಾಗ, ಅದರ ಅಣುಗಳು ಒಂದಕ್ಕೊಂದು ಕೂಡಿಕೊಂಡು ಉದ್ದವಾದ ಸರಪಳಿಗಳಾಗಿ ಮೇಣದಂಥ ವಸ್ತುವೊಂದು ದೊರೆಯಿತು. ಅದೇ ಪಾಲಿಥೀನ್. ಹುಳಿಗೆ ಇದು ಜಗ್ಗದು. ಇದರ ಶತ್ರುವು ಬಿಸಿ. ತೆಳುವಾದ ಚೀಲಗಳ ಪಾಲಿಥೀನ್ ಸುಮಾರು 110 ಡಿಗ್ರಿಯಲ್ಲಿ ಕರಗುತ್ತದೆ. ಡಬ್ಬಿಗಳಿಗೆ ಬಳಸುವ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಯಲ್ಲಿ. ಪೂರಿ ಕರಿಯುವ ಎಣ್ಣೆಯಾದರೋ ಸುಮಾರು 180 ಡಿಗ್ರಿಯಷ್ಟು ಕಾದಿರುತ್ತದೆ! ಕರಗುವ ಮೊದಲೇ ಬಿಸಿಯೂ ಎಣ್ಣೆಯೂ ಸೇರಿ, ಪ್ಲಾಸ್ಟಿಕ್ಕಿಗೆ ಬೆರಸಿದ ಇತರ ವಸ್ತುಗಳನ್ನು ಆಹಾರಕ್ಕೆ ಎಳೆದುಕೊಳ್ಳಬಲ್ಲವು. ಆದಕಾರಣ ಬೇಳೆ, ಸಕ್ಕರೆ ಮೊದಲಾದ ಒಣ ಪದಾರ್ಥಗಳಿಗೆ ಪ್ಲಾಸ್ಟಿಕ್ ಡಬ್ಬಿ ಇರಲಿ. ಕುದಿಯುವ ಸಾರನ್ನು ತೆಳುವಾದ ಚೀಲದಲ್ಲಿ ತರಿಸುವ ರೂಢಿಯನ್ನು ಬಿಡುವುದು ಲೇಸು.

ನಿಮ್ಮ ಮಗಳು ಅಡಿಗೆಯ ಮನೆಯಲ್ಲಿ ನಿಮ್ಮ ಪಕ್ಕದಲ್ಲಿ ನಿಂತಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಈ ಪದಾರ್ಥದಲ್ಲಿ ಹುಳಿಯುಂಟೆ? ಎಣ್ಣೆಯುಂಟೆ? ಇದು ಎಷ್ಟು ಬಿಸಿಯಾಗಿದೆ? ಬಳಿಕ ಪಾತ್ರೆಯನ್ನು ಅವಳೇ ಆರಿಸಲಿ. ಪರೀಕ್ಷೆಯಲ್ಲಿ ಬರೆದು ಬಂದುದನ್ನು ಮನೆಯಲ್ಲಿ ನಡೆಸಿ ತೋರಿಸಿದರೆ ಮಾತ್ರವೇ ಕಲಿತಂತಾಗುವುದು. ಇದನ್ನು ಹೇಳುವ ಅಧಿಕಾರವು ನನಗೆ ಆ ಕೊಳದಪ್ಪಲೆಯಿಂದ ಬಂದದ್ದು.