ಹಿರಿಯರ ಕೈಗೂ ಕ್ಯಾಮೆರಾ ಕೊಡಿ

ಅರವತ್ತು ದಾಟಿದವರಿಗೆ ಹೊಸ ಯಂತ್ರವಿದ್ಯೆ ಹತ್ತುವುದಿಲ್ಲವೆಂದು ಭಾವಿಸಿದ್ದೀರಾ? ಅಮೆರಿಕದ ಡಲ್ಲಾಸ್‌ನಲ್ಲಿ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳುತ್ತದೆ. 60ರಿಂದ 90 ವರ್ಷದ ಹಿರಿಯರು ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು ಗುಂಪಿನಲ್ಲಿ ಡಿಜಿಟಲ್ ಛಾಯಾಗ್ರಹಣ ಕಲಿತರು. ಅವರ ನೆನಪಿನ ಶಕ್ತಿ ಸುಧಾರಿಸಿತು. ಬರೀ ಹರಟೆ, ವಿಹಾರಗಳಲ್ಲಿ ಕಾಲ ಕಳೆದವರಿಗೆ ಅಷ್ಟು ಲಾಭವಾಗಲಿಲ್ಲ. ಹೊಸ ಕಲಿಕೆ ಮಿದುಳಿಗೆ ಸತತ ಕೆಲಸ ಕೊಡುವುದೇ ಇದಕ್ಕೆ ಕಾರಣವೆನ್ನಲಾಗಿದೆ.

ನೀವೂ ಪ್ರಯತ್ನಿಸಿ. ನೆರೆಹೊರೆಯ ನಾಲ್ಕೈದು ಮಂದಿ ಹಿರಿಯರನ್ನು ವಾರಕ್ಕೆರಡು ಬಾರಿ ಸೇರಿಸಿ. ಅಂಗಳದ ರಂಗೋಲಿ, ಮೊಮ್ಮಕ್ಕಳ ಆಟ ಮೊಬೈಲಿನಲ್ಲಿ ಸೆರೆಹಿಡಿದು ಅವರೇ ದೂರದ ಮಕ್ಕಳಿಗೆ ಕಳುಹಿಸಲಿ. ಪರದೆಯ ಅಕ್ಷರ ದೊಡ್ಡದಿರಲಿ. ದಿನಕ್ಕೆ ಒಂದೇ ಪಾಠ ಸಾಕು. ತಪ್ಪಿದಾಗ ಫೋನ್ ಕಸಿದು ನೀವೇ ಮಾಡಿ ಮುಗಿಸಬೇಡಿ. ಒಟಿಪಿ ಯಾರಿಗೂ ಹೇಳಬಾರದೆಂದು ಮೊದಲ ದಿನವೇ ತಿಳಿಸಿ.